ಕಾಕಂಬಿ ತೊಟ್ಟಿಯಲ್ಲಿ ಹೆರಾಲ್ಡ್: ನನ್ನ ಅನುಭವ

ತುಕ್ಕು ಬಿಡಿಸಲು ನನ್ನ ಹಳೆಯ ಹೆರಾಲ್ಡ್ ಕಾರಿನ ಚಾಸಿಯನ್ನು (ಬಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟು) ಕಾಕಂಬಿಯಲ್ಲಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಲ್ಲಿ, ನೆನೆಹಾಕುತ್ತೇನೆ ಎಂದು ಮೂರು ವರ್ಷದ ಹಿಂದೆ ಹೇಳಿದಾಗ ನಕ್ಕವರೆಲ್ಲರ ಹೆಸರೂ ನನಗೆ ನೆನಪಿದೆ. ಇಲ್ಲಿ ಬರೆಯುವುದಿಲ್ಲ, ಅವರಲ್ಲಿ ಇಬ್ಬರು ಹತ್ತಿರದ ನೆಂಟರು. ಮೊನ್ನೆ ಮಳೆ ನಿಂತ ಮೇಲೆ ಹಿಂಬದಿಯ ರಬ್ಬರ್ ಬಿರಡೆ ಕಿತ್ತು, ಮೊಬೈಲಿಗೆ ಸಿಕ್ಕಿಸುವ ಕೊಳವೆ ಕ್ಯಾಮೆರಾವನ್ನು ಚಾಸಿಯ ಪೆಟ್ಟಿಗೆಯಂಥ ಟೊಳ್ಳು ತೊಲೆಯೊಳಗೆ ತೂರಿಸಿ ನೋಡಿದೆ. ಎರಡು ಮಳೆಗಾಲ ಕಳೆದಿದೆ. ಒಳಗೆ ನಾನು ಬಳಿದ ಮೇಣದ ಹಳದಿ ಪೊರೆ ಹಾಗೆಯೇ ಇದೆ, ಒಂದು ಮೂಲೆಯಲ್ಲಿ ಜೇಡ ಮನೆ ಮಾಡಿಕೊಂಡಿದೆ. ತುಕ್ಕಿನ ಚುಕ್ಕೆ ಇಲ್ಲ. ಆದ್ದರಿಂದ ಈಗ ಬರೆಯುವ ಧೈರ್ಯ ಬಂದಿದೆ.

ಕಾರು 1966ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ಹಿಂದಿನ ಮಾಲೀಕರು ಇಪ್ಪತ್ತು ವರ್ಷ ಮಂಗಳೂರಿನಲ್ಲಿ ಓಡಿಸಿದ್ದರು ಎಂದರೆ ಉಳಿದದ್ದು ನಿಮಗೇ ಗೊತ್ತಾಗುತ್ತದೆ. ಮುಂಭಾಗದ ಚಾಸಿ ಹೊಸದರಂತೆ ಇತ್ತು. ಅದು ಯಾರ ಆರೈಕೆಯೂ ಅಲ್ಲ, ಐವತ್ತು ವರ್ಷ ಎಂಜಿನ್ ಎಣ್ಣೆ ಸೋರಿ ಸೋರಿ ಮಾಡಿದ ಪುಣ್ಯ. ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನಿಂದ ಹಿಂದಕ್ಕೆ ಆ ಪುಣ್ಯ ತಲುಪಿರಲಿಲ್ಲ. ಚಾಸಿಯಿಂದ ಪಕ್ಕಕ್ಕೆ ಚಾಚಿ ಡಿಕ್ಕಿಯ ಭಾರ ಹೊರುವ ಹಿಂದಿನ ಔಟ್‌ರಿಗರ್‌ಗಳಲ್ಲಿ (ನಾನು ಅವನ್ನು ರೆಕ್ಕೆ ಎನ್ನುತ್ತೇನೆ) ಬಲಗಡೆಯದಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಹಪ್ಪಳಕ್ಕೆ ಚುಚ್ಚಿದಂತೆ ಹಿಡಿಯವರೆಗೂ ಹೋಯಿತು. ಹೊರಗೆ ಎಳೆದಾಗ ಒಳಗಿನಿಂದ ಒಂದು ಹಿಡಿ ತುಕ್ಕಿನ ಚಕ್ಕೆ ಅಂಗೈಗೆ ಬಿತ್ತು.

ಬೆಂಗಳೂರಿನ ಒಂದು ಗ್ಯಾರೇಜಿನವರು ಹಿಂಭಾಗವನ್ನೇ ಹೊಸದಾಗಿ ಕಟ್ಟಿಕೊಡಲು 85 ಸಾವಿರ ಕೇಳಿದರು. ಕಾರಿಗೇ ನಾನು ಕೊಟ್ಟದ್ದು ಒಂದು ಲಕ್ಷದ ಹತ್ತು ಸಾವಿರ. ಇಂಗ್ಲೆಂಡಿನಲ್ಲಿ ರೆಕ್ಕೆಗಳು ತಯಾರಾಗಿಯೇ ಸಿಗುತ್ತವೆ, ಆದರೆ ಹಡಗು, ಸುಂಕ ಎಲ್ಲ ಸೇರಿದಾಗ ಬೆಳ್ಳಿಯ ರೆಕ್ಕೆ ಮಾಡಿಸಬಹುದಿತ್ತು. ತುಕ್ಕು ಬಿಡಿಸಲು ಮರಳು ಹೊಡೆಸು (ಸ್ಯಾಂಡ್‌ಬ್ಲಾಸ್ಟಿಂಗ್) ಎಂದರು ಎಲ್ಲರೂ. ಹೊಡೆಸಿದ ಅನುಭವ ಇತ್ತು. ಸ್ನೇಹಿತರೊಬ್ಬರ ಹೆರಾಲ್ಡ್‌ಗೆ ಹೊಡೆಸಿದಾಗ ಹೊರಗೆ ಬೆಳ್ಳಿಯಂತೆ ಹೊಳೆಯಿತು. ಪೆಟ್ಟಿಗೆಯ ಒಳಗೆ ಸೇರಿದ ಮರಳು ಮಾತ್ರ ಎಷ್ಟು ಗಾಳಿ ಹೊಡೆದರೂ ಪೂರ್ತಿ ಬರಲಿಲ್ಲ. ಎರಡನೆಯ ಮಳೆಗಾಲಕ್ಕೆ ಆ ಮರಳು ನೀರು ಹಿಡಿದು, ಕೆಂಪು ರಾಡಿಯಾಗಿ ಕಿಂಡಿಗಳಿಂದ ಇಳಿಯತೊಡಗಿತು. ಹೆರಾಲ್ಡ್ ಚಾಸಿಯ ಸಾವು ಯಾವಾಗಲೂ ಒಳಗಿನಿಂದ ಬರುತ್ತದೆ. ಒಳಗೆ ಹೋಗುವುದು ದ್ರವ ಒಂದೇ. ನನ್ನ ವಾದ ಇಷ್ಟೇ ಇತ್ತು.

ಬಾಡಿ ಎತ್ತಿದ್ದನ್ನು ವಿವರಿಸುವುದಿಲ್ಲ. ಬಾಡಿ ಸೊಟ್ಟಗಾಗದಂತೆ ಬಾಗಿಲಿನ ಚೌಕಟ್ಟಿಗೆ ಆಂಗಲ್ ಬೆಸೆಯದೆ ಎತ್ತುವವರು ಈ ಬರಹ ಓದಿಯೂ ಉದ್ಧಾರವಾಗುವುದಿಲ್ಲ. ನನಗೆ ಅಳು ತರಿಸಿದ್ದು ಹಿಂದಿನ ಚಕ್ರದ ಟ್ರನಿಯನ್ ಎಂಬ ಕೀಲಿನ ಉದ್ದನೆಯ ಬೋಲ್ಟ್. ಅದು ಒಳಗಿನ ಉಕ್ಕಿನ ಕೊಳವೆಯೊಂದಿಗೆ ಒಂದೇ ಲೋಹವಾಗಿಬಿಟ್ಟಿರುತ್ತದೆ. ಎಡಗಡೆಯದು ಒಂದು ಸಂಜೆಗೆ ಬಂತು. ಬಲಗಡೆಯದಕ್ಕೆ ಆರು ದಿನ: ಡೀಸೆಲ್, ಸುತ್ತಿಗೆ, ಗ್ಯಾಸ್ ಬೆಂಕಿ, ಬೈಗುಳ, ಮತ್ತೆ ಸುತ್ತಿಗೆ. ಕೊನೆಗೆ ಗರಗಸದ ಬ್ಲೇಡನ್ನು ಸಂದಿಗೆ ತೂರಿಸಿ ಎರಡೂ ಬದಿ ಕೈಯಿಂದ ಕತ್ತರಿಸಿದೆ. ಎಂಟೋ ಒಂಬತ್ತೋ ಬ್ಲೇಡು ಹೋದವು. ಈಗ ಹೊಸ ಬೋಲ್ಟಿಗೆ ತಾಮ್ರದ ಗ್ರೀಸ್ ಹಚ್ಚಿ ಹಾಕಿದ್ದೇನೆ. ನನ್ನ ನಂತರ ಈ ಕಾರು ಯಾರ ಕೈಗೆ ಬಂದರೂ ಅವರು ನನ್ನ ಹೆಸರು ಹೇಳಿ ದೀಪ ಹಚ್ಚಬೇಕು.

ಸಣ್ಣ ಸಾಮಾನುಗಳ ಮೇಲೆ ಮೊದಲು ಪ್ರಯೋಗ ಮಾಡಿದೆ. ಹುಣಸೆ ನೀರಿನಲ್ಲಿ ಬೋಲ್ಟುಗಳು ಎರಡು ದಿನಕ್ಕೆ ಸ್ವಚ್ಛವಾದವು, ಆದರೆ ಕಪ್ಪಗಾದವು, ತೊಳೆದು ಒರೆಸುವಷ್ಟರಲ್ಲಿ ಮತ್ತೆ ಕೆಂಪು. ಮೇಲಾಗಿ ಅಮ್ಮ ವರ್ಷಕ್ಕೆಂದು ಇಟ್ಟಿದ್ದ ಹುಣಸೆಹಣ್ಣಿನ ಲೆಕ್ಕ ಕೇಳಿದರು. ವಾಷಿಂಗ್ ಸೋಡದ ನೀರಿನಲ್ಲಿ ಬ್ಯಾಟರಿ ಚಾರ್ಜರ್‌ನಿಂದ ಕರೆಂಟು ಹಾಯಿಸಿ ತುಕ್ಕು ಬಿಡಿಸುವ ವಿದ್ಯೆ ಹಿಂದಿನ ಚಕ್ರವನ್ನು ಹಿಡಿಯುವ ರೇಡಿಯಸ್ ಆರ್ಮ್‌ಗಳಿಗೆ ಚೆನ್ನಾಗಿ ನಡೆಯಿತು. ಚಾರ್ಜರ್‌ನ ಇನ್ನೊಂದು ತುದಿಗೆ ಸ್ಟೇನ್‌ಲೆಸ್ ಉಕ್ಕು ಮಾತ್ರ ಕಟ್ಟಬೇಡಿ, ಅದರಿಂದ ನೀರಿಗೆ ಇಳಿಯುವ ಕ್ರೋಮಿಯಂ ವಿಷ. ಆದರೆ ಕರೆಂಟು ಎದುರಿಗೆ ಕಂಡ ಮುಖವನ್ನಷ್ಟೇ ತೊಳೆಯುತ್ತದೆ. ಪೆಟ್ಟಿಗೆಯ ಒಳಗೆ ಅದಕ್ಕೆ ಕಣ್ಣಿಲ್ಲ. ಅಡ್ಡ ಪಟ್ಟಿ ಸ್ಪ್ರಿಂಗನ್ನು ಹುಳಿಗಾಗಲಿ ಕರೆಂಟಿಗಾಗಲಿ ನಾನು ಕೊಡಲಿಲ್ಲ. ಎರಡರಿಂದಲೂ ಹೈಡ್ರೋಜನ್ ಹುಟ್ಟುತ್ತದೆ, ಗಡಸು ಉಕ್ಕು ಅದನ್ನು ಕುಡಿದರೆ ಒಂದು ದಿನ ಗಾಜಿನಂತೆ ಮುರಿಯುತ್ತದೆ. ಅದನ್ನು ತಂತಿಯ ಬ್ರಷ್‌ನಲ್ಲಿ ಉಜ್ಜಿ, ಪಟ್ಟಿಗಳ ನಡುವೆ ಗ್ರಾಫೈಟ್ ಸವರಿ ಸುಮ್ಮನಾದೆ.

ಮದ್ದೂರಿನ ಕಡೆ ಇದ್ದುಕೊಂಡು ಸಿಹಿಗೆ ಬರವಿಲ್ಲವಲ್ಲ, ಮೊದಲು ಆಲೆಮನೆಯಲ್ಲಿ ನೀರು ಬಿಟ್ಟು ಕಪ್ಪಗಾಗಿದ್ದ ಬೆಲ್ಲ ಅಗ್ಗಕ್ಕೆ ತಂದು ಒಂದು ಡ್ರಮ್ಮಿನಲ್ಲಿ ಕರಗಿಸಿ ನೋಡಿದೆ. ನಾಲ್ಕನೆಯ ದಿನಕ್ಕೆ ಬುಸುಗುಟ್ಟಿ ನೊರೆ ಉಕ್ಕಿತು, ಹತ್ತನೆಯ ದಿನಕ್ಕೆ ಹುಳು. ತುಕ್ಕು ಅರ್ಧ ಬಿಟ್ಟಿತ್ತು, ಅರ್ಧ ನನ್ನನ್ನು ನೋಡಿ ನಗುತ್ತಿತ್ತು. ಕಾರ್ಖಾನೆಯ ಕಾಕಂಬಿಗೆ ಅಬಕಾರಿಯ ಪರವಾನಗಿ ಬೇಕು, ಆ ದಾರಿಗೆ ಹೋಗಲಿಲ್ಲ. ಪಶು ಆಹಾರಕ್ಕೆಂದು ಮಾರುವ ಕಾಕಂಬಿಯನ್ನು ರಸೀದಿ ಸಮೇತ ತಂದೆ, ಸುಮಾರು 150 ಕೆಜಿ. ಮೂರು ಸಾವಿರದ ಹತ್ತಿರ ಆಯಿತು. ಆ ರಸೀದಿಯನ್ನು ಜೋಪಾನವಾಗಿ ಇಟ್ಟದ್ದು ಎಂಥ ಒಳ್ಳೆಯ ಕೆಲಸ ಎಂಬುದು ಆಮೇಲೆ ತಿಳಿಯಿತು.

ತೊಟ್ಟಿ ಎಂದರೆ ಹಿತ್ತಲಲ್ಲಿ ಸಿಮೆಂಟ್ ಬ್ಲಾಕ್ ಜೋಡಿಸಿ, ಒಳಗೆ ಎರಡು ಪದರ ಟಾರ್ಪಾಲು ಹಾಸಿದ್ದು. ಚಾಸಿಯ ಹಿಂದಿನ ಅರ್ಧ ಮುಳುಗುವಂತೆ, ಮುಂದಿನ ಅರ್ಧ ಮರದ ದಿಮ್ಮಿಯ ಮೇಲೆ ಎತ್ತರಕ್ಕೆ. ಒಂದು ಪಾಲು ಕಾಕಂಬಿಗೆ ಏಳೆಂಟು ಪಾಲು ನೀರು, ಒಟ್ಟು ಒಂಬೈನೂರು ಲೀಟರ್ ಇದ್ದೀತು. ಮೊದಲೇ ಗ್ರೀಸ್, ಅಂಡರ್‌ಕೋಟಿಂಗ್ ಎಲ್ಲ ಕೆರೆದು ತೆಗೆದಿರಬೇಕು, ಕಾಕಂಬಿ ಎಣ್ಣೆಯನ್ನು ಮುಟ್ಟುವುದಿಲ್ಲ. ಅಲ್ಯೂಮಿನಿಯಂ, ಸತುವಿನ ಲೇಪ ಇರುವುದನ್ನು ಹಾಕಿದರೆ ತಿಂದುಬಿಡುತ್ತದೆ. ಏಪ್ರಿಲ್ ತಿಂಗಳಲ್ಲಿ ಶುರು ಮಾಡಿದ್ದು ಬೇಕೆಂದೇ, ಚಳಿಯಲ್ಲಿ ಇದು ಮಲಗಿಬಿಡುತ್ತದೆ.

ವಾಸನೆಯ ಬಗ್ಗೆ ಎಲ್ಲರೂ ಎಚ್ಚರಿಸಿದ್ದರು, ದನದ ಬಗ್ಗೆ ಯಾರೂ ಹೇಳಿರಲಿಲ್ಲ. ಮೂರನೆಯ ರಾತ್ರಿ ಪಕ್ಕದ ಮನೆಯ ಹಸು ಹಗ್ಗ ಕಿತ್ತುಕೊಂಡು ಬಂದು ತೊಟ್ಟಿಯ ಅಂಚು ನೆಕ್ಕುತ್ತ ನಿಂತಿತ್ತು. ಮರುದಿನ ಮುಳ್ಳುಬೇಲಿ ಹಾಕಿದೆ. ಆರನೆಯ ದಿನ ಊರಿನ ಹಿರಿಯರೊಬ್ಬರು ಬಂದು ಬೇಲಿಯ ಆಚೆಯಿಂದಲೇ ಮೂಗು ಮುಚ್ಚಿಕೊಂಡು ನೊರೆ ನೋಡಿದರು.

"ಏನಪ್ಪಾ, ಕಳ್ಳಬಟ್ಟಿ ಕಾಯಿಸುತ್ತಿದ್ದೀಯಂತೆ, ಊರೆಲ್ಲ ಮಾತು."

"ಇಲ್ಲ ದೊಡ್ಡಪ್ಪ, ಕಾರಿನ ಚಾಸಿ ನೆನೆಹಾಕಿದ್ದೇನೆ."

"ಕಳ್ಳಬಟ್ಟಿ ಎಂದು ಹೇಳಿದ್ದರೆ ನಂಬುತ್ತಿದ್ದೆ," ಎಂದರು.

ರಸೀದಿ ತೋರಿಸಿದೆ, ಕೋಲಿನಿಂದ ನೊರೆ ಸರಿಸಿ ಕಬ್ಬಿಣವನ್ನೂ ತೋರಿಸಿದೆ. ಹೋಗುವಾಗ ಮನೆಯ ಹಳೆಯ ಕುಡುಗೋಲು ಎರಡನ್ನು ಹಾಕಬಹುದೇ ಎಂದು ಕೇಳಿದರು. ಹಾಕಿದೆ. ಅವು ಚಾಸಿಗಿಂತ ಮೊದಲೇ ಶುದ್ಧವಾದವು.

ಒಂಬತ್ತನೆಯ ದಿನ ನಾಲ್ವರು ಸೇರಿ ಚಾಸಿಯನ್ನು ಮಗುಚಿದೆವು. ರೆಕ್ಕೆಯ ಮೇಲ್ಮೂಲೆಯಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿರುತ್ತದೆ, ಅಲ್ಲಿಗೆ ದ್ರವ ಹೋಗುವುದಿಲ್ಲ ಎಂಬುದು ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು. ದ್ರವದ ಮಟ್ಟ ನಿಂತಿದ್ದ ಕಡೆ ಎರಡೂ ಉದ್ದ ತೊಲೆಗಳ ಸುತ್ತ ಒಂದು ಗೆರೆ, ಚೂರಿಯಿಂದ ಕೊರೆದಂತೆ. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳ. ಗಾಳಿ, ದ್ರವ, ಕಬ್ಬಿಣ ಮೂರೂ ಸೇರುವ ಅಂಚಿನಲ್ಲಿ ಕಾಕಂಬಿ ತುಕ್ಕಿಗೆ ನಿಲ್ಲದೆ ಒಳ್ಳೆಯ ಲೋಹಕ್ಕೂ ಬಾಯಿ ಹಾಕುತ್ತದೆ. ತುಕ್ಕು ಬಿಡಿಸಲು ಹೋಗಿ ಒಳ್ಳೆಯ ತೊಲೆಯನ್ನು ನಾನೇ ಕೊರೆದಿದ್ದೆ. ಆ ರಾತ್ರಿ ಊಟ ಸೇರಲಿಲ್ಲ, ನಿಜ ಹೇಳುತ್ತೇನೆ. ಇಡೀ ಚಾಸಿ ಮುಳುಗುವ ತೊಟ್ಟಿ ಕಟ್ಟಿದ್ದರೆ ಈ ತಲೆನೋವೇ ಇರಲಿಲ್ಲ, ಆದರೆ ಕಾಕಂಬಿ ದುಪ್ಪಟ್ಟು ಬೇಕಿತ್ತು. ಉಳಿಸಿದ್ದು ಮೂರು ಸಾವಿರ, ಆಮೇಲೆ ಆ ಗೆರೆಯ ಮೇಲೆ ತಗಡು ಬೆಸೆಯಲು ಕೊಟ್ಟದ್ದು ಎರಡೂವರೆ. ಉಳಿದ ದಿನಗಳಲ್ಲಿ ದಿನಕ್ಕೆ ಎರಡು ಅಂಗುಲದಂತೆ ಮಟ್ಟವನ್ನು ಏರಿಸುತ್ತ ಇಳಿಸುತ್ತ ಹೋದೆ. ತೊಲೆಗೆ ಒಂದು ವಸ್ತುವನ್ನೂ ಸುತ್ತಿದೆ. ಅದು ಏನು ಎಂದು ಹೇಳುವುದಿಲ್ಲ, ಅಡುಗೆಮನೆಯಲ್ಲಿ ಇರುವುದೇ. ಹೊಸ ಗೆರೆ ಬೀಳಲಿಲ್ಲ.

ಹತ್ತೊಂಬತ್ತನೆಯ ದಿನ ಎತ್ತಿದೆವು. ಮೇಲೆ ಕರಿ ಲೋಳೆ. ಪಂಪಿನ ನೀರು ಜೋರಾಗಿ ಬಿಟ್ಟ ಕಡೆಯೆಲ್ಲ ಲೋಳೆ ಹಾಳೆಹಾಳೆಯಾಗಿ ಜಾರಿ, ಕೆಳಗಿನಿಂದ ಬೂದು ಬಣ್ಣದ ಬರಿ ಉಕ್ಕು ಕಾಣಿಸಿತು. ಬಲ ತೊಲೆಯ ಮೇಲೆ ಕಾರ್ಖಾನೆಯವರು ಒತ್ತಿದ್ದ ಅಂಕಿಗಳು ಸಹ ಓದಲು ಬಂದವು. ಪೆಟ್ಟಿಗೆಯ ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಒಳಗೂ ಅದೇ ಬೂದು. ನಾನು ಗೆದ್ದದ್ದು ಅಲ್ಲಿ. ಆದರೆ ಕುಣಿಯಲು ಪುರಸೊತ್ತಿಲ್ಲ, ಒಂದು ಗಂಟೆ ಬಿಟ್ಟರೆ ಬರಿ ಉಕ್ಕಿಗೆ ಕೆಂಪು ಹೂವು ಬರುತ್ತದೆ. ಎರಡು ಬ್ಲೋವರ್ ಇಟ್ಟು ಒಣಗಿಸಿ, ಅಂದೇ ಸಂಜೆ ಒಳಗೂ ಹೊರಗೂ ತುಕ್ಕು ತಡೆಯುವ ಫಾಸ್ಫಾರಿಕ್ ಆಮ್ಲದ ಕನ್ವರ್ಟರ್ ಹೊಡೆದೆ.

ಕಾಕಂಬಿ ಸುಳ್ಳು ಹೇಳುವುದಿಲ್ಲ. ಗಟ್ಟಿ ಎಂದುಕೊಂಡಿದ್ದ ಎಡ ರೆಕ್ಕೆ ಬಲೆಯಂತಾಗಿತ್ತು, ತುಕ್ಕೇ ಅದನ್ನು ಹಿಡಿದು ನಿಲ್ಲಿಸಿತ್ತು. ಬಲ ರೆಕ್ಕೆಯ ಅರ್ಧ ಇರಲೇ ಇಲ್ಲ. ಟಿಂಕರ್ ಭಾಯಿ ಬಂದು ನೋಡಿ, "ಸಾರ್, ನೆನೆಹಾಕದೆ ಇದ್ದಿದ್ದರೆ ಇನ್ನೂ ಐದು ವರ್ಷ ಓಡುತ್ತಿತ್ತು," ಎಂದರು. ನಗಲೋ ಬಯ್ಯಲೋ ತಿಳಿಯಲಿಲ್ಲ. ಎರಡೂ ರೆಕ್ಕೆಗಳಿಗೆ ರಟ್ಟಿನ ಮಾದರಿ ಕತ್ತರಿಸಿಕೊಟ್ಟೆ, ಅವರು 16 ಗೇಜ್ ತಗಡಿನಲ್ಲಿ ಮಡಚಿ ಸಿಒ₂ ವೆಲ್ಡಿಂಗ್‌ನಲ್ಲಿ ಬೆಸೆದರು. ಮಡಚುವ ಕೈ ಅವರದು ಅದ್ಭುತ, ಅಳತೆಯ ತಾಳ್ಮೆ ಮಾತ್ರ ಇಲ್ಲ. ನಾನು ಪಕ್ಕದಲ್ಲೇ ನಿಂತು ಒಂದೊಂದು ಅಂಗುಲಕ್ಕೂ ನಿಲ್ಲಿಸಿ ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತಿದ್ದೆ. ಡಿಫರೆನ್ಷಿಯಲ್‌ನ ಖಾಲಿ ಕವಚವನ್ನು ಅದರ ಜಾಗದಲ್ಲೇ ಬೋಲ್ಟ್ ಮಾಡಿಟ್ಟಿದ್ದರಿಂದ ತೊಲೆಗಳು ಒಳಕ್ಕೆ ಎಳೆಯಲಿಲ್ಲ. ಕೊನೆಗೆ ಎರಡು ಕರ್ಣಗಳ ನಡುವೆ ಮೂರು ಮಿಲಿಮೀಟರ್ ವ್ಯತ್ಯಾಸ ಉಳಿಯಿತು. ಕಾರ್ಖಾನೆಯಿಂದ ಬಂದಾಗ ಇದಕ್ಕಿಂತ ಕಡಿಮೆ ಇತ್ತು ಎಂದು ಯಾರಾದರೂ ಆಣೆ ಮಾಡಲಿ ನೋಡೋಣ.

ಪೌಡರ್ ಕೋಟಿಂಗ್ ಮಾಡಿಸು ಎಂದವರಿಗೆ: ಒಂದು ಕಲ್ಲು ಬಡಿದು ಚೂರು ಎದ್ದರೆ ಅದರ ಅಡಿಯಲ್ಲಿ ತುಕ್ಕು ಗೆದ್ದಲಿನಂತೆ ಹರಿಯುತ್ತದೆ, ಹೊರಗೆ ಕಾಣುವುದೇ ಇಲ್ಲ. ಎಪಾಕ್ಸಿ ಪ್ರೈಮರ್ ಎರಡು ಕೈ, ಮೇಲೆ ಸಾದಾ ಕಪ್ಪು. ಪೆಟ್ಟಿಗೆಯ ಒಳಗೆ ಜೇನುಮೇಣ ಮತ್ತು ಇನ್ನೆರಡನ್ನು ಕಾಯಿಸಿ ಬೆರೆಸಿ, ಬಿಸಿಯಾಗಿರುವಾಗಲೇ ಗನ್ನಿನಲ್ಲಿ ಹೊಡೆದದ್ದು. ಅಳತೆ ಕೇಳಬೇಡಿ, ಅದಕ್ಕೆ ನಾಲ್ಕು ಡಬ್ಬ ಹಾಳು ಮಾಡಿಕೊಂಡಿದ್ದೇನೆ.

ಖರ್ಚು, ನೆನಪಿದ್ದಷ್ಟು: ಕಾಕಂಬಿ ಮೂರು ಸಾವಿರ, ಟಾರ್ಪಾಲು ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ, ಭಾಯಿಯ ಕೂಲಿ ಗೆರೆಯ ತಗಡೂ ಸೇರಿ ಒಂಬತ್ತು, ತಗಡು ಎರಡು ಚಿಲ್ಲರೆ, ಬಣ್ಣ ನಾಲ್ಕೂವರೆ, ಚೆನ್ನೈನ ಪುದುಪೇಟೆಯಲ್ಲಿ ಎರಡು ದಿನ ಅಲೆದು ತಂದ ಬುಷ್, ಬೋಲ್ಟ್, ಶಿಮ್‌ಗಳಿಗೆ ಆರು. ಕಟಿಂಗ್ ಡಿಸ್ಕ್, ಬ್ಲೇಡು, ಮಗುಚಲು ಬಂದವರ ಊಟ ಎಲ್ಲ ಸೇರಿ ಮೂವತ್ತೊಂದು ಸಾವಿರದ ಆಸುಪಾಸು. ನನ್ನ ಎಂಟು ತಿಂಗಳ ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ, ಮನೆಯಲ್ಲಿ ಹಿಡಿದಿದ್ದಾರೆ.

ಈಗ ಮೈಸೂರಿಗೆ ಹೋಗಿ ಬರುತ್ತದೆ, ಹಂಪಿನ ಮೇಲೆ ಹಾರಿದಾಗ ಹಿಂಬದಿಯ ಕರಕರ ಸದ್ದಿಲ್ಲ. ಡಿಕ್ಕಿಯ ಬಾಗಿಲು ಒಂದೇ ಬೆರಳಿಗೆ ಮುಚ್ಚುತ್ತದೆ. ಹಿಂದಿನಿಂದ ನೋಡಿದರೆ ಎಡಗಡೆ ಅರ್ಧ ಬೆರಳು ತಗ್ಗಿದೆ ಎಂದು ಕೆಲವರು ತೋರಿಸಿದ್ದಾರೆ. ಅದು ಚಾಸಿಯದಲ್ಲ, ಸ್ಪ್ರಿಂಗಿನದು. ಅದನ್ನು ಮತ್ತೆ ಬಿಚ್ಚಬೇಕು ಎಂಬ ವಿಷಯವನ್ನು ಮನೆಯಲ್ಲಿ ಇನ್ನೂ ಎತ್ತಿಲ್ಲ.