ಚೌಕುಳಿ ಪರದೆಯ ಮುಂದೆ ನಿಲ್ಲುವ ಅಭ್ಯಾಸ: ಪುಷ್ಪಮಾಲಾ ಎನ್. ಅವರ ಚಿತ್ರಗಳನ್ನು ಅರಿಯುವ ಬಗೆ

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ರಿಂದ 2004ರವರೆಗೆ ರಚಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ, ಬ್ರಿಟಿಷರ ಕಾಲದ ದೇಹಮಾಪನದ ಛಾಯಾಚಿತ್ರವನ್ನು ಅನುಸರಿಸಿ ಕಲಾವಿದೆಯೇ ಚೌಕುಳಿ ಪರದೆಯ ಮುಂದೆ ನಿಂತಿರುವ ಚಿತ್ರವೊಂದಿದೆ. ಧಾರವಾಡದ ಚಿತ್ರಕಲಾ ವಿದ್ಯಾರ್ಥಿಗಳು ಆ ಚಿತ್ರವನ್ನು ಬರಿದೇ ನೋಡಿ ಟಿಪ್ಪಣಿ ಬರೆದುಕೊಳ್ಳುವುದಕ್ಕಿಂತ, ಅಂಥ ಚೌಕುಳಿ ಪರದೆಯನ್ನು ತಾವೇ ಕಟ್ಟಿ ಅದರ ಮುಂದೆ ನಿಂತರೆ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಅಳತೆಯನ್ನು ಮೂಲದಿಂದಲೇ ತೆಗೆದುಕೊಳ್ಳಿ. 1869ರಲ್ಲಿ ಲ್ಯಾಂಪ್ರೆ ಎಂಬ ಬ್ರಿಟನ್ನಿನ ವಿದ್ವಾಂಸರು 7 ಅಡಿ ಎತ್ತರ, 3 ಅಡಿ ಅಗಲದ ಕಟ್ಟಿಗೆಯ ಚೌಕಟ್ಟಿಗೆ 2 ಇಂಚಿಗೊಂದರಂತೆ ದಾರ ಬಿಗಿದು, ಅದರ ಮುಂದೆ ಜನರನ್ನು ಬತ್ತಲೆಯಾಗಿ ನಿಲ್ಲಿಸಿ ದೇಹಗಳನ್ನು ಹೋಲಿಸುವ ಕ್ರಮವನ್ನು ಪ್ರಕಟಿಸಿದರು. ನೀವು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಿಗುವ ದಪ್ಪ ಬಿಳಿ ಬಟ್ಟೆಯ ಮೇಲೆ, ಬಣ್ಣ ಹಚ್ಚಿದ ದಾರವನ್ನು ಬಿಗಿಯಾಗಿ ಹಿಡಿದು ಮೀಟಿ ಗೆರೆ ಹಾಕಿದರೆ ಸಾಕು. ಅಡ್ಡ 18, ಉದ್ದ 42 ಚೌಕಗಳಾಗುತ್ತವೆ. ಬಟ್ಟೆ ಸುಕ್ಕಾದರೆ ಗೆರೆ ಸೊಟ್ಟಗಾಗುವುದರಿಂದ ಕೆಳಗಿನ ಅಂಚಿಗೊಂದು ಕೋಲು ಹೊಲಿಯಿರಿ.

ಪಡಸಾಲೆಯ ನೆರಳಿನಲ್ಲಿ, ಸಮನಾದ ಬೆಳಕಿನಲ್ಲಿ ಪರದೆ ತೂಗುಹಾಕಿ. ಕ್ಯಾಮೆರಾವನ್ನು ಎದೆಯ ಎತ್ತರಕ್ಕೆ, ಸುಮಾರು 12 ಅಡಿ ದೂರದಲ್ಲಿಡಿ; ಹತ್ತಿರದಿಂದ ತೆಗೆದರೆ ಅಂಚಿನ ಚೌಕಗಳು ವಾಲಿದಂತೆ ಕಾಣುತ್ತವೆ.

ಮೊದಲ ಚಿತ್ರದಲ್ಲಿ ನಿಲ್ಲುವವರು ಬಾಯಿ ತೆರೆಯಬಾರದು. ಕೈ ಎಲ್ಲಿರಬೇಕು, ಮುಖ ಎತ್ತ ತಿರುಗಬೇಕು ಎಂಬುದನ್ನೆಲ್ಲ ಕ್ಯಾಮೆರಾ ಹಿಡಿದವರೇ ಹೇಳಲಿ. ಎರಡನೆಯದರಲ್ಲಿ ಟೈಮರ್ ಇಟ್ಟು, ಉಡುಪು, ಭಂಗಿ, ನೋಟ ಮೂರನ್ನೂ ನಿಲ್ಲುವವರೇ ತೀರ್ಮಾನಿಸಲಿ. ಪುಷ್ಪಮಾಲಾ ಅವರ ಸರಣಿಯ ಬಲವಿರುವುದು ಇಲ್ಲಿಯೇ: ನೋಡಿಸಿಕೊಳ್ಳುವವಳೂ ಚಿತ್ರವನ್ನು ಯೋಜಿಸುವವಳೂ ಒಬ್ಬಳೇ ಆದಾಗ, ಚೌಕಗಳು ಅಳೆಯುವ ಅಧಿಕಾರ ಕಳೆದುಕೊಂಡು ಬರಿಯ ರಂಗಸಜ್ಜಿಕೆಯಾಗುತ್ತವೆ.

ಲಂಬಾಣಿ ಅಥವಾ ಸಿದ್ದಿ ಸಮುದಾಯದವರ ಉಡುಪನ್ನು ಎರವಲು ತಂದು ಹೊರಗಿನವರು ತೊಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬ್ರಿಟಿಷರ ಕಾಲದ ಆಲ್ಬಮ್‌ಗಳು ಇಂಥ ಜನರನ್ನು ಬರಿಯ ಮಾದರಿಗಳಾಗಿ ತೋರಿಸಿದ್ದನ್ನೇ ನಾವೂ ಮುಂದುವರಿಸಿದಂತಾಗುತ್ತದೆ. ಮನೆಯಲ್ಲಿರುವ ಇಳಕಲ್ ಸೀರೆಯೋ ಕಾಲೇಜಿಗೆ ತೊಡುವ ಚೂಡಿದಾರವೋ ಸಾಕು.

ಎರಡೂ ಚಿತ್ರಗಳನ್ನು ಒಂದೇ ಅಳತೆಯಲ್ಲಿ ಮುದ್ರಿಸಿ ಅಕ್ಕಪಕ್ಕ ತೂಗುಹಾಕಿ. 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಬ್ರಿಟಿಷರ ಕಾಲದ ಛಾಯಾಚಿತ್ರ ಸಂಗ್ರಹದಲ್ಲಿ ಹೆಚ್ಚಿನವರಿಗೆ ಜಾತಿ, ಬುಡಕಟ್ಟುಗಳೇ ಶೀರ್ಷಿಕೆ. ಮೊದಲ ಚಿತ್ರದ ಕೆಳಗೆ ಅದೇ ಬಗೆಯ ಒಣ ಸಾಲನ್ನು ಬರೆಯಿರಿ. ಎರಡನೆಯದರ ಕೆಳಗೆ ಏನಿರಬೇಕೆಂಬುದನ್ನು, ಏನೂ ಇರಬಾರದೆಂದರೆ ಅದನ್ನೂ, ಅದರಲ್ಲಿ ನಿಂತವರೇ ನಿರ್ಧರಿಸಲಿ.