ಕೋಚನ್ನ ಕಳಿಸ್ಬೇಕಾ ಇಟ್ಕೋಬೇಕಾ: ವಾದಕ್ಕೆ ಇಳಿಯೋ ಮುಂಚೆ ಏನೇನು ನೋಡ್ಬೇಕು

ಅಮೆರಿಕದ ಕಾಲೇಜ್ ಫುಟ್‌ಬಾಲಲ್ಲಿ ಶನಿವಾರ ರಾತ್ರಿ ನಮ್ಮ ಟೀಮ್ ಸೋತ್ಮೇಲೆ ಬರೋ ಸಿಟ್ಟು ಎಂಥದ್ದು ಅಂತ ನಂಗೆ ಚೆನ್ನಾಗಿ ಗೊತ್ತು. ಮೂರನೇ ಕ್ವಾರ್ಟರ್ ತನಕ ಮುಂದೆ ಇದ್ದು, ಆಮೇಲೆ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಆಗಿ, ಸ್ಟೇಡಿಯಂನಿಂದ ಪಾರ್ಕಿಂಗ್ ತನಕ ಚಳೀಲಿ ನಡ್ಕೊಂಡು ಹೋಗೋವಾಗ ಸುತ್ತಮುತ್ತ ಎಲ್ಲರ ಬಾಯಲ್ಲೂ ಒಂದೇ ಮಾತು, ಈ ಕೋಚನ್ನ ಮೊದ್ಲು ತೆಗೀರಿ ಅಂತ. ನಾನೂ ಹೇಳಿದೀನಿ, ಜೋರಾಗೇ ಹೇಳಿದೀನಿ, ಕೆಲವು ಸಲ ನನ್ನ ಮಾತು ಸರಿ ಆಯ್ತು, ಕೆಲವು ಸಲ ಎರಡು ವರ್ಷ ಆದ್ಮೇಲೆ ಅಯ್ಯೋ ಯಾಕಪ್ಪ ಹಾಗಂದೆ ಅನ್ನಿಸ್ತು. ಈ ಆಟ ಇಷ್ಟು ವರ್ಷ ನೋಡಿ ನಂಗೆ ಅರ್ಥ ಆಗಿದ್ದು ಇಷ್ಟು: ಈ ಜಗಳದಲ್ಲಿ ಎರಡು ಪ್ರಶ್ನೆ ಒಂದ್ರೊಳಗೊಂದು ಕಲಸಿಹೋಗಿರತ್ತೆ, ಈ ಕೋಚ್ ಕೈಯಲ್ಲಿ ಹುಡುಗರು ಬೆಳೀತಿದಾರಾ ಅನ್ನೋದು ಒಂದು, ಇವ್ರು ಹೋದ್ರೆ ಆ ಜಾಗಕ್ಕೆ ಯಾರು ಬರ್ತಾರೆ ಅನ್ನೋದು ಇನ್ನೊಂದು. ಎರಡನ್ನೂ ಬಿಡಿಸಿ ಬೇರೆಬೇರೆಯಾಗಿ ಉತ್ತರ ಹುಡುಕಿ, ಆಮೇಲೆ ವಾದಕ್ಕೆ ಬನ್ನಿ.

ಮೊದಲ್ನೇ ಕೆಲ್ಸ, ಶನಿವಾರ ರಾತ್ರಿ ಏನೂ ತೀರ್ಮಾನ ಮಾಡ್ಬೇಡಿ. ಸೋಮವಾರ ಅದೇ ಗೇಮ್ ಇನ್ನೊಂದ್ಸಲ ಹಾಕಿ, ಸೌಂಡ್ ಪೂರ್ತಿ ಆಫ್ ಮಾಡಿ. ಕಾಮೆಂಟ್ರಿ ಇದ್ರೆ ಅವ್ರು ಹೇಳಿದ್ದೇ ನಿಮ್ಮ ಅಭಿಪ್ರಾಯ ಆಗ್ಬಿಡತ್ತೆ. ಇಲ್ಲಿ ಸ್ಕೋರ್ ಮರ್ತುಬಿಡಿ, ಬಾಲ್ ಹಿಂದೇನೂ ಕಣ್ಣು ಓಡಿಸ್ಬೇಡಿ, ಅದು ಕಷ್ಟ ಆದ್ರೂ ಪ್ರಯತ್ನ ಪಡಿ. ಒಬ್ಬ ಆಟಗಾರನ್ನ ಹಿಡ್ಕೊಳ್ಳಿ, ಅದ್ರಲ್ಲೂ ಅಫೆನ್ಸಿವ್ ಲೈನಿನವನೊಬ್ಬನ್ನ (ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್ ಮುಂದೆ ಸಾಲಾಗಿ ನಿಂತು ಎದುರಾಳಿಗಳನ್ನ ತಡೆಯೋವ್ರು), ಈ ಕೋಚೇ ರಿಕ್ರೂಟ್ ಮಾಡಿ ಕರ್ಕೊಂಡು ಬಂದು ಈಗ ಮೂರನೇ ವರ್ಷದಲ್ಲಿರೋ ಹುಡುಗ ಆದ್ರೆ ಇನ್ನೂ ಒಳ್ಳೇದು. ನಮ್ಮ ಟೀಮಲ್ಲಿ ಒಬ್ಬ ಲೆಫ್ಟ್ ಟ್ಯಾಕಲ್, ಅಂದ್ರೆ ಆ ಸಾಲಿನ ಎಡತುದಿಯವನು, ಇದ್ದ. ಮೊದಲ್ನೇ ವರ್ಷ ಸ್ನ್ಯಾಪ್ ಆಗಿ ಬಾಲ್ ಆಟಕ್ಕೆ ಬಂದ ಕೂಡ್ಲೇ ಭಾರ ಎಲ್ಲಾ ಹಿಮ್ಮಡಿ ಮೇಲೆ ಹಾಕಿ ನಿಂತ್ಕೊತಿದ್ದ, ಎದುರಿನವನು ಹೊರಗಡೆಯಿಂದ ಬರೋ ಹಾಗೆ ಮಾಡಿ ಒಳಕ್ಕೆ ತಿರುಗಿದ್ರೆ ಮುಗೀತು, ಕ್ವಾರ್ಟರ್‌ಬ್ಯಾಕ್ ನೆಲದ ಮೇಲೆ. ಹದಿನೆಂಟು ವರ್ಷದ ಹುಡುಗ, ಅದು ಸಹಜ. ಮೂರನೇ ವರ್ಷಾನೂ ಅದೇ ಹಿಮ್ಮಡಿ, ಅದೇ ತಪ್ಪು, ಮೈ ಮಾತ್ರ ಇನ್ನಷ್ಟು ದಪ್ಪ ಆಗಿತ್ತು. ಆವತ್ತು ನಂಗೆ ಆ ಹುಡುಗನ ಮೇಲೆ ಸಿಟ್ಟು ಬರ್ಲಿಲ್ಲ, ಮೂರು ವರ್ಷ ದಿನಾ ಅವನ ಜೊತೆ ಇದ್ದು ಪಾದ ಇಡೋದನ್ನ ತಿದ್ದದೇ ಇದ್ದವ್ರ ಮೇಲೆ ಬಂತು. ಸೋತ ಗೇಮ್‌ಗಳ ಲೆಕ್ಕಕ್ಕಿಂತ ನಾನು ನಂಬೋದು ಇಂಥ ಒಂದು ವಿಷಯಾನೇ. ಒಬ್ಬನೇ ಹಾಗಿದ್ರೆ ಅವನ ಪಾಡು ಅನ್ಬೋದು, ಐದಾರು ಜನ ಹಾಗೇ ನಿಂತಲ್ಲೇ ನಿಂತಿದ್ರೆ ಅದು ಕೋಚಿಂಗ್ ಸಮಸ್ಯೆ.

ಅದೇ ಹೊತ್ತಲ್ಲಿ ಪ್ಲೇ ಕ್ಲಾಕ್ (ಮುಂದಿನ ಪ್ಲೇ ಶುರು ಮಾಡಕ್ಕೆ ಇರೋ ಸಮಯ ತೋರ್ಸೋ ಗಡಿಯಾರ) ಕಡೆನೂ ಒಂದು ಕಣ್ಣಿರ್ಲಿ. ನಲವತ್ತು ಸೆಕೆಂಡ್ ಇರತ್ತೆ. ಹನ್ನೆರಡು, ಒಂಬತ್ತು, ಆರು ಅಂತ ಇಳೀತಾ ಇದ್ರೂ ಸೈಡ್‌ಲೈನ್‌ನಲ್ಲಿ ಇನ್ನೂ ಕೈಸನ್ನೆ ನಡೀತಿದ್ಯಾ, ಕ್ವಾರ್ಟರ್‌ಬ್ಯಾಕ್ ಎರಡೆರಡು ಸಲ ಆ ಕಡೆ ತಿರುಗಿ ನೋಡಿ ಕೊನೆಗೆ ಟೈಮ್‌ಔಟ್ ಕೇಳ್ತಿದಾನಾ, ಮೊದಲರ್ಧದಲ್ಲೇ ಹಾಗೆ ಎರಡು ಟೈಮ್‌ಔಟ್ ಖಾಲಿ ಆಯ್ತಾ, ಮೈದಾನದಲ್ಲಿ ಹನ್ನೊಂದರ ಬದಲು ಹನ್ನೆರಡು ಜನ ನಿಂತ್ಕೊಂಡು ಪೆನಾಲ್ಟಿ ತಗೊಂಡ್ರಾ. ಸ್ವಂತ ಸ್ಟೇಡಿಯಂನಲ್ಲಿ, ನಮ್ಮವ್ರ ಬಾಲ್ ಇದ್ದಾಗ ಎಲ್ಲಾರೂ ಸುಮ್ನೆ ಕೂತಿರೋವಾಗ ಫಾಲ್ಸ್ ಸ್ಟಾರ್ಟ್ (ಸ್ನ್ಯಾಪ್‌ಗೆ ಮುಂಚೇನೇ ಅಲುಗಾಡಿ ತಗೊಳ್ಳೋ ಪೆನಾಲ್ಟಿ) ಮೇಲೆ ಫಾಲ್ಸ್ ಸ್ಟಾರ್ಟ್ ಬಂದ್ರೆ ಅದಕ್ಕೆ ಗಲಾಟೆ ಜಾಸ್ತಿ ಇತ್ತು ಅನ್ನೋ ಕಾರಣಾನೂ ಇಲ್ಲ. ಪ್ರೆಸ್ ಮೀಟಲ್ಲಿ ಆಗ ರೆಫರಿ, ಗಾಯ, ಶೆಡ್ಯೂಲ್ ಅಂತೆಲ್ಲಾ ಹೇಳಿದ್ರೆ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತು.

ಈಗ ಗೆಲುವು ಸೋಲಿನ ಲೆಕ್ಕಕ್ಕೆ ಬನ್ನಿ. ಲೆಕ್ಕ ಬೇಕು, ಆದ್ರೆ ಬರೀ ಲೆಕ್ಕ ಮೋಸ ಮಾಡತ್ತೆ. 2021ರಲ್ಲಿ ನೆಬ್ರಾಸ್ಕ ಯೂನಿವರ್ಸಿಟಿ ಟೀಮ್ 3-9, ಅಂದ್ರೆ ಮೂರು ಗೆಲುವು ಒಂಬತ್ತು ಸೋಲು ಅಂತ ಸೀಸನ್ ಮುಗಿಸ್ತು, ಆ ಒಂಬತ್ತೂ ಸೋಲು ಒಂಬತ್ತು ಅಥವಾ ಅದಕ್ಕಿಂತ ಕಮ್ಮಿ ಪಾಯಿಂಟ್‌ನಲ್ಲೇ ಆಗಿದ್ದು, ಇಡೀ ಸೀಸನ್ ಕೂಡಿಸಿದ್ರೆ ಎದುರಾಳಿಗಳಿಗಿಂತ ಇವ್ರ ಪಾಯಿಂಟೇ ಜಾಸ್ತಿ. ಅದನ್ನ ನೋಡಿ ಇದು ಬರೀ ದುರದೃಷ್ಟ, ಮುಂದಿನ ವರ್ಷ ಸರಿ ಹೋಗತ್ತೆ ಅಂತ ತುಂಬಾ ಜನ ನಂಬಿದ್ರು, ಕೋಚ್ ಸ್ಕಾಟ್ ಫ್ರಾಸ್ಟ್ ಉಳ್ಕೊಂಡ್ರು, 2022ರ ಮೂರನೇ ಗೇಮಲ್ಲಿ ಸ್ವಂತ ಮನೇಲೇ ಜಾರ್ಜಿಯಾ ಸದರ್ನ್ ಕೈಲಿ ಸೋತ ಮಾರನೇ ದಿನ ಹೋದ್ರು. ನೆಬ್ರಾಸ್ಕದಲ್ಲಿ ಅವ್ರ ಒಟ್ಟು ಲೆಕ್ಕ 16-31. ನನ್ನ ಪದ್ಧತಿ ಹೇಳ್ತೀನಿ ಕೇಳಿ, ಫಂಬಲ್ ಆಗಿ, ಅಂದ್ರೆ ಕೈಜಾರಿ, ಕೆಳಗೆ ಬಿದ್ದ ಬಾಲ್ ಯಾರಿಗೆ ಸಿಗತ್ತೆ ಅನ್ನೋದು ಹೆಚ್ಚುಕಮ್ಮಿ ಅದೃಷ್ಟಾನೇ, ಒಂದು ಸೀಸನ್ ಅದ್ರಿಂದ ಹಾಳಾಗಿದ್ರೆ ಮಾಫಿ, ಕೂದಲೆಳೆ ಅಂತರದ ಸೋಲು ಒಂದು ವರ್ಷ ಸಾಲಾಗಿ ಬಂದ್ರೂ ಮಾಫಿ, ಆದ್ರೆ ವರ್ಷದಿಂದ ವರ್ಷಕ್ಕೆ ಅದೇ ಥರ ಕೊನೇ ಐದು ನಿಮಿಷದಲ್ಲಿ ಕೈಬಿಡ್ತಾ ಇದ್ರೆ ಅದನ್ನ ಅದೃಷ್ಟದ ತಲೆಗೆ ಕಟ್ಟಕ್ಕಾಗಲ್ಲ.

ಇಟ್ಕೊಂಡು ಗೆದ್ದವ್ರ ಕಥೆ ಗೊತ್ತಿರ್ಲಿ. ಫ್ರ್ಯಾಂಕ್ ಬೀಮರ್ ವರ್ಜೀನಿಯಾ ಟೆಕ್‌ಗೆ 1987ರಲ್ಲಿ ಬಂದ್ರು, ಆರನೇ ಸೀಸನ್ ಆದ 1992ರಲ್ಲಿ 2-8-1 (ಕೊನೇದು ಟೈ). ಇವತ್ತಿನ ಕಾಲದಲ್ಲಾಗಿದ್ರೆ ಅಕ್ಟೋಬರ್ ದಾಟ್ತಿರ್ಲಿಲ್ಲ. ಅವ್ರನ್ನ ಇಟ್ಕೊಂಡ್ರು, ಅಸಿಸ್ಟೆಂಟ್‌ಗಳನ್ನ ಬದಲಾಯಿಸಿದ್ರು, 1993ರಲ್ಲಿ 9-3, ಅಲ್ಲಿಂದ 2015ರಲ್ಲಿ ಅವ್ರು ನಿವೃತ್ತಿ ಆಗೋ ತನಕ 23 ವರ್ಷ ಒಂದೂ ಬಿಡದೆ ಬೌಲ್ ಗೇಮ್ (ಚೆನ್ನಾಗಿ ಆಡಿದ ಟೀಮ್‌ಗಳಿಗೆ ಸೀಸನ್ ಕೊನೇಲಿ ಸಿಗೋ ಗೇಮ್), ಮಧ್ಯದಲ್ಲಿ 1999ರ ಸೀಸನ್‌ನಲ್ಲಿ ನ್ಯಾಷನಲ್ ಚಾಂಪಿಯನ್‌ಶಿಪ್ ಗೇಮ್ ಬೇರೆ. ಕ್ಲೆಮ್ಸನ್‌ನ ಡಾಬೊ ಸ್ವಿನ್ನಿ 2010ರಲ್ಲಿ 6-7, ಆಮೇಲೆ 2016, 2018ರಲ್ಲಿ ಚಾಂಪಿಯನ್. ಮಿಷಿಗನ್‌ನ ಜಿಮ್ ಹಾರ್ಬಾ 2020ರಲ್ಲಿ 2-4, ಆಗ ಸಂಬಳಾನೇ ಕಡಿತ ಮಾಡಿ ಹೊಸ ಕಾಂಟ್ರ್ಯಾಕ್ಟ್ ಕೊಟ್ರು, ಡಿಫೆನ್ಸಿವ್ ಕೋಆರ್ಡಿನೇಟರ್ (ಡಿಫೆನ್ಸ್ ನೋಡ್ಕೊಳ್ಳೋ ಮುಖ್ಯ ಅಸಿಸ್ಟೆಂಟ್) ಬದಲಾದ್ರು, 2021ರಲ್ಲಿ ಬದ್ಧ ಎದುರಾಳಿ ಒಹಾಯೊ ಸ್ಟೇಟನ್ನ ಸೋಲಿಸಿದ್ರು, 2023ರಲ್ಲಿ 15-0. ಬೀಮರ್ ಕಥೇಲೂ ಹಾರ್ಬಾ ಕಥೇಲೂ ಒಂದು ವಿಷಯ ಗಮನಿಸಿ, ಕೋಚ್ ಉಳ್ಕೊಂಡ್ರು, ಆದ್ರೆ ಸುತ್ತ ಇರೋದು ಹಾಗೇ ಉಳೀಲಿಲ್ಲ. ಹಾಗಾಗಿ ಇನ್ನೊಂದು ವರ್ಷ ಕೊಡಿ ಅನ್ನೋ ಗೆಳೆಯರಿಗೆ ಮೊದ್ಲು ಕೇಳ್ಬೇಕಾದ್ದು, ಆ ಒಂದು ವರ್ಷದಲ್ಲಿ ಏನು ಬದಲಾಗತ್ತೆ, ಯಾವ ಕೋಆರ್ಡಿನೇಟರ್ ಹೋಗ್ತಾರೆ, ಪ್ಲೇ ಕಾಲ್ ಮಾಡೋದನ್ನ, ಅಂದ್ರೆ ಪ್ರತೀ ಸಲ ಯಾವ ಪ್ಲೇ ಆಡ್ಬೇಕು ಅಂತ ಹೇಳೋದನ್ನ, ಹೆಡ್ ಕೋಚ್ ಬೇರೆಯವ್ರ ಕೈಗೆ ಬಿಡ್ತಾರಾ. ಏನೂ ಬದಲಾಗಲ್ಲ ಅಂದ್ರೆ ಅದು ತಾಳ್ಮೆ ಆಗಲ್ಲ, ಮುಂದೂಡೋದು ಆಗತ್ತೆ. ಫ್ಲೋರಿಡಾದವ್ರು 2024ರಲ್ಲಿ ಬಿಲ್ಲಿ ನೇಪಿಯರ್‌ನ ಇಟ್ಕೊಂಡ್ರು, ಸತತ ನಾಲ್ಕು ಗೆದ್ದು 8-5 ಅಂತ ಮುಗಿಸಿದಾಗ ಎಲ್ಲಾರಿಗೂ ಸಮಾಧಾನ ಆಯ್ತು, 2025ರ ಅಕ್ಟೋಬರಲ್ಲಿ ಕೊನೆಗೂ ತೆಗೆದ್ರು.

ತೆಗೆದು ಕೆಟ್ಟವ್ರ ಕಥೆಗೆ ಮತ್ತೆ ನೆಬ್ರಾಸ್ಕಕ್ಕೇ ಹೋಗ್ಬೇಕು, ನಂಗೆ ಅದು ಇವತ್ತಿಗೂ ಹೊಟ್ಟೆ ಉರಿಸೋ ಕಥೆ. 2003ರಲ್ಲಿ ಫ್ರ್ಯಾಂಕ್ ಸೋಲಿಚ್ 9-3 ಇದ್ದಾಗ್ಲೇ ತೆಗೆದ್ರು, ಆರು ವರ್ಷದಲ್ಲಿ 58-19, ಎರಡು ವರ್ಷ ಹಿಂದಷ್ಟೇ ಚಾಂಪಿಯನ್‌ಶಿಪ್ ಗೇಮ್ ಆಡಿದ್ದ ಟೀಮ್. ಮರುವರ್ಷ 5-6, 1961ರಿಂದ ಈಚೆಗೆ ಮೊದಲ್ನೇ ಸಲ ಗೆಲುವಿಗಿಂತ ಸೋಲು ಜಾಸ್ತಿ. ಆಮೇಲೆ ಬೊ ಪೆಲಿನಿ ಬಂದು ಏಳು ವರ್ಷ ಒಂದೂ ತಪ್ಪದೆ ಒಂಬತ್ತಾದ್ರೂ ಗೇಮ್ ಗೆದ್ರು, 2014ರಲ್ಲಿ ಅವ್ರನ್ನೂ ಕಳಿಸಿದ್ರು, ಅವ್ರ ನಂತರ ಬಂದ ಮೈಕ್ ರೈಲಿ ಮೂರು ವರ್ಷದಲ್ಲಿ 19-19, ಅವ್ರಾದ್ಮೇಲೆ ಫ್ರಾಸ್ಟ್. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಅಂದ್ರೆ ಇದೇ. ಮೂರು ಜನ ಪೊಲಿಟಿಕಲ್ ಸೈನ್ಸ್ ಸಂಶೋಧಕರು 1997ರಿಂದ 2010ರ ತನಕದ ಟೀಮ್‌ಗಳನ್ನ ಹೋಲಿಸಿ ನೋಡಿದ್ರು, ತೀರಾ ಕೆಟ್ಟದಾಗಿ ಆಡ್ತಿದ್ದ ಟೀಮ್‌ಗಳಿಗೆ ಕೋಚ್ ಬದಲಾಯಿಸಿದ್ರಿಂದ ದೊಡ್ಡ ಲಾಭ ಏನೂ ಸಿಗ್ಲಿಲ್ಲ, ಮಧ್ಯಮ ಮಟ್ಟದ ಟೀಮ್‌ಗಳು ಬದಲಾಯಿಸಿದಾಗ ಅಂಥದ್ದೇ ಪರಿಸ್ಥಿತೀಲಿ ಬದಲಾಯಿಸದೇ ಇದ್ದವಕ್ಕಿಂತ ಹಿಂದೆ ಬಿದ್ವು. ಅದು ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಕಾಲೇಜ್ ಬದಲಾಯಿಸಕ್ಕೆ ಹೆಸರು ಕೊಡೋ ವ್ಯವಸ್ಥೆ) ಬರೋ ಮುಂಚಿನ ಕಾಲದ ಲೆಕ್ಕ, ಅದನ್ನ ಮರೀಬಾರ್ದು. ಈಗ ಟೀಮನ್ನ ತಿರುಗಿಸೋದು ಬೇಗ ಆಗತ್ತೆ. ಇಂಡಿಯಾನ 2023ರಲ್ಲಿ 3-9 ಇತ್ತು, ಟಾಮ್ ಆ್ಯಲನ್ ಅವ್ರನ್ನ ಕಳಿಸಿ ಕರ್ಟ್ ಸಿಗ್ನೆಟಿ ಅವ್ರನ್ನ ಕರ್ಕೊಂಡು ಬಂದ್ರು, ಅವ್ರು ತಮ್ಮ ಹಳೇ ಟೀಮ್ ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕಿಂತ ಜಾಸ್ತಿ ಹುಡುಗರನ್ನೂ ಕರ್ಕೊಂಡೇ ಬಂದ್ರು, 2024ರಲ್ಲಿ 11-2, ಪ್ಲೇಆಫ್. ಅಂದ್ರೆ ಬರೋರು ಯಾರು, ಅವ್ರು ಜೊತೇಲಿ ಏನು ತರ್ತಾರೆ ಅನ್ನೋದ್ರ ಮೇಲೇ ಎಲ್ಲಾ ನಿಂತಿದೆ.

ದುಡ್ಡಿನ ವಿಷಯ ಬಂದ್ರೆ ಎಷ್ಟೋ ಫ್ಯಾನ್ಸ್ ಅದು ನಮ್ಮ ದುಡ್ಡಲ್ಲವಲ್ಲ ಅಂತ ದಾಟಿಸ್ಬಿಡ್ತಾರೆ, ನಾನು ಒಪ್ಪಲ್ಲ. ಬೈಔಟ್ ಅಂದ್ರೆ ಕಾಂಟ್ರ್ಯಾಕ್ಟ್ ಮುಗಿಯೋ ಮುಂಚೆ ಕಳಿಸಿದ್ರೆ ಕೋಚ್‌ಗೆ ಕೊಡ್ಲೇಬೇಕಾದ ಹಣ. ಅದ್ರಲ್ಲಿ ಎರಡು ವಿಷಯ ಹುಡುಕಿ ನೋಡಿ, ಮೊದ್ಲು ತಾರೀಖು. ಫ್ರಾಸ್ಟ್ ಅವ್ರ ಬೈಔಟ್ 1.5 ಕೋಟಿ ಡಾಲರ್ ಇತ್ತು, ಅಕ್ಟೋಬರ್ 1 ಬಂದಿದ್ರೆ 75 ಲಕ್ಷಕ್ಕೆ ಇಳೀತಿತ್ತು, ಸೆಪ್ಟೆಂಬರ್ 11ಕ್ಕೇ ಕಳಿಸಿದ್ರು. ಆಮೇಲೆ, ಕೋಚ್‌ಗೆ ಬೇರೆ ಕಡೆ ಕೆಲ್ಸ ಸಿಕ್ಕಿದ್ರೆ ಅಲ್ಲಿನ ಸಂಬಳ ಇದ್ರಲ್ಲಿ ಕಡಿತ ಆಗತ್ತಾ ಅನ್ನೋದು. ಟೆಕ್ಸಸ್ ಎ ಆ್ಯಂಡ್ ಎಮ್ 2023ರ ನವೆಂಬರಲ್ಲಿ ಜಿಂಬೊ ಫಿಶರ್ ಅವ್ರನ್ನ ಕಳಿಸಿದಾಗ ಆ ಕಂಡೀಶನ್ ಇರ್ಲಿಲ್ಲ, ಹತ್ರಹತ್ರ 7.6 ಕೋಟಿ ಡಾಲರ್, 2031ರ ತನಕ ಕಂತು. ಪೆನ್ ಸ್ಟೇಟ್ 2025ರ ಅಕ್ಟೋಬರಲ್ಲಿ ಜೇಮ್ಸ್ ಫ್ರ್ಯಾಂಕ್ಲಿನ್ ಅವ್ರನ್ನ ಕಳಿಸಿದಾಗ ಸುಮಾರು 4.9 ಕೋಟಿ ಅಂತ ಇತ್ತು, ಅವ್ರು ವರ್ಜೀನಿಯಾ ಟೆಕ್‌ಗೆ ಹೋದ್ಮೇಲೆ 90 ಲಕ್ಷಕ್ಕೆ ಇತ್ಯರ್ಥ ಆಯ್ತು. ಎಷ್ಟು ವ್ಯತ್ಯಾಸ ನೋಡಿ. ಟೀಮ್‌ಗೆ ದೇಣಿಗೆ ಕೊಡೋ ಶ್ರೀಮಂತ ಬೂಸ್ಟರ್‌ಗಳು ಕೊಡ್ತಾರೆ ಬಿಡಿ ಅನ್ನೋ ಮಾತೂ ಈಗ ಮುಂಚಿನ ಥರ ನಡಿಯಲ್ಲ, 2025ರ ಜುಲೈನಿಂದ ಕಾಲೇಜ್‌ಗಳು ಮೊದಲ್ನೇ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್ ತನಕ ನೇರವಾಗಿ ಆಟಗಾರರಿಗೆ ಹಂಚಬೋದು, ಹಳೇ ಕೋಚ್‌ಗೆ ಹೋಗೋ ಒಂದೊಂದು ಡಾಲರ್‌ಗೂ ಈಗ ಇನ್ನೊಂದು ಕಡೆಯಿಂದ ಕೈ ಚಾಚ್ತಿರತ್ತೆ.

ಯಾವಾಗ ಅನ್ನೋದಕ್ಕೆ ಜಾಸ್ತಿ ಹೇಳ್ಬೇಕಾಗಿಲ್ಲ. ಹೈಸ್ಕೂಲ್ ಹುಡುಗರು ಯಾವ ಕಾಲೇಜ್‌ಗೆ ಆಡ್ತೀವಿ ಅಂತ ಸೈನ್ ಮಾಡೋದು 2017ರಿಂದ ಡಿಸೆಂಬರಲ್ಲೇ ಶುರು, ಅಷ್ಟರೊಳಗೆ ಹೊಸ ಕೋಚ್ ಬಂದಿರ್ಬೇಕು, ಅದಕ್ಕೇ ಅಕ್ಟೋಬರ್ ನವೆಂಬರಲ್ಲಿ ಕೋಚ್‌ಗಳು ಹೋಗೋದು. ಕೋಚ್ ಹೋದ್ರೆ ಆ ಟೀಮಿನ ಆಟಗಾರರಿಗೆ ಅಂತಾನೇ ಬೇರೆ ಪೋರ್ಟಲ್ ಸಮಯ ಸಿಗತ್ತೆ, ನಿಮಗೆ ತುಂಬಾ ಇಷ್ಟ ಆಗಿರೋ ಕ್ವಾರ್ಟರ್‌ಬ್ಯಾಕೂ ಅದ್ರಲ್ಲಿ ಹೋಗ್ಬಿಡ್ಬೋದು. ತೆಗೀರಿ ಅನ್ನೋವಾಗ ಅದನ್ನೂ ಸೇರಿಸಿ ಯೋಚ್ನೆ ಮಾಡಿ.

ಇನ್ನು ಹೊಸಬರು ಯಾರು ಅನ್ನೋ ಮಾತು ಶುರುವಾದ್ರೆ ದಯವಿಟ್ಟು ಸ್ವಲ್ಪ ತಡ್ಕೊಳ್ಳಿ. ಯಾರೋ ಏರ್‌ಪೋರ್ಟಲ್ಲಿ ಕಾಣಿಸ್ಕೊಂಡ್ರಂತೆ, ಯಾರದ್ದೋ ವಿಮಾನ ಇಳೀತಂತೆ ಅಂತ ಬರತ್ತೆ, ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ನಾವು ಅದನ್ನೇ ಹಿಡ್ಕೊಂಡು ಕೂರ್ತೀವಿ. ಅದ್ರ ಬದಲು ಮೂರು ಹೆಸರು ಬರೀರಿ, ದೊಡ್ಡ ಟೀಮಲ್ಲಿ ಸುಖವಾಗಿ ಗೆಲ್ತಾ ಇರೋ ಕೋಚ್ ನಿಮ್ಮಲ್ಲಿಗೆ ಯಾಕೆ ಬರ್ತಾರೆ ಅಂತ ಪ್ರಾಮಾಣಿಕವಾಗಿ ಕೇಳ್ಕೊಂಡು, ನಿಜವಾಗ್ಲೂ ಬರಬೋದಾದವ್ರನ್ನ ಮಾತ್ರ. ಒಬ್ಬೊಬ್ಬರ ಮುಂದೂ ಅವ್ರು ಕಮ್ಮಿ ರೇಟಿಂಗ್ ಇದ್ದ ಹುಡುಗರನ್ನ ಎಷ್ಟು ಬೆಳೆಸಿದಾರೆ, ಸ್ವಂತವಾಗಿ ಹೆಡ್ ಕೋಚ್ ಆಗಿ ಎಷ್ಟು ವರ್ಷ ನಡೆಸಿದಾರೆ ಅಂತ ಬರೀರಿ. ಮೂರು ಹೆಸರು ಸಿಗ್ಲಿಲ್ಲ ಅಂದ್ರೆ ನನ್ನ ಪ್ರಕಾರ ಈ ವರ್ಷ ತೆಗೀಬಾರ್ದು, ಹುಡುಗರು ಬೆಳೀತಿಲ್ಲ ಅಂತ ಖಾತ್ರಿ ಆಗಿದ್ರೂ ಮೊದ್ಲು ಕೋಆರ್ಡಿನೇಟರ್ ಬದಲಾಯ್ಸಿ ಅಂತ ಕೇಳಿ. ಹೆಸರೂ ಸಿಕ್ಕಿ, ಹುಡುಗರೂ ನಿಂತಲ್ಲೇ ನಿಂತಿದ್ರೆ ಅಳುಕ್ಬೇಡಿ, ಕಳಿಸಿ ಅಂತ ಬಾಯಿಬಿಟ್ಟು ಹೇಳಿ, ನಿಷ್ಠೆ ಇಲ್ಲದವನು ಅಂತ ಯಾರಾದ್ರೂ ಅಂದ್ರೆ ಅನ್ಲಿ, ಆ ಹುಡುಗರಿಗೆ ಇರೋದೇ ನಾಲ್ಕೈದು ವರ್ಷ.

ವಾದ ಮಾಡೋವಾಗ ಆಟಗಾರರ ಹೆಸರು ಹಿಡಿದು ಬೈಯೋದು ಬೇಡ, ಕೋಚ್ ಹೆಂಡತಿ ಮಕ್ಕಳ ಸುದ್ದಿಗಂತೂ ಹೋಗ್ಲೇಬೇಡಿ, ಅವ್ರ ಮಕ್ಕಳೂ ಅದೇ ಊರಿನ ಸ್ಕೂಲಿಗೆ ಹೋಗ್ತಿರ್ತಾರೆ. ಎದುರಿನವ್ರ ಹತ್ರ ಕೇಳ್ಬೇಕಾದ್ದು ಒಂದೇ ಮಾತು, ಏನು ನೋಡಿದ್ರೆ ನೀವು ಮನಸ್ಸು ಬದಲಾಯಿಸ್ತೀರಿ, ಯಾವ ತಾರೀಖಿನೊಳಗೆ. ನನ್ನ ಪಕ್ಕದ ಸೀಟಲ್ಲಿ ಎಷ್ಟೋ ವರ್ಷದಿಂದ ಸೀಸನ್ ಟಿಕೆಟ್ ಇಟ್ಕೊಂಡಿರೋ ಒಬ್ರು ಹಿರಿಯರು ಕೂರ್ತಾರೆ. ಅವ್ರು ಇಟ್ಕೋಬೇಕು ಅನ್ನೋರು, ನಾನು ಕಳಿಸ್ಬೇಕು ಅನ್ನೋನು, ಪ್ರತೀ ಗೇಮೂ ಜಗಳ. ಕೊನೆಗೆ ಒಂದಿನ ಹಾಫ್‌ಟೈಮಲ್ಲಿ ಇಬ್ರೂ ಸೇರಿ ನನ್ನ ಫೋನಲ್ಲಿ ಮೂರು ಸಾಲು ಬರ್ಕೊಂಡ್ವಿ: ಮನೇ ಗೇಮಲ್ಲಿ ಫಾಲ್ಸ್ ಸ್ಟಾರ್ಟ್ ಎರಡಕ್ಕಿಂತ ಜಾಸ್ತಿ ಇರ್ಬಾರ್ದು, ಮೊದಲರ್ಧದಲ್ಲಿ ಟೈಮ್‌ಔಟ್ ವ್ಯರ್ಥ ಆಗ್ಬಾರ್ದು, ಆ ಲೆಫ್ಟ್ ಟ್ಯಾಕಲ್ ಪಾದ ಸರಿಯಾಗ್ಬೇಕು, ನವೆಂಬರ್ ಕೊನೇ ಗೇಮ್ ತನಕ ಸಮಯ. ಆಮೇಲಿಂದ ನಮ್ಮಿಬ್ರಿಗೂ ಜಗಳಾನೇ ಬರ್ಲಿಲ್ಲ, ಇಬ್ರ ಕಣ್ಣೂ ಒಂದೇ ಕಡೆ ಇತ್ತು. ನವೆಂಬರ್ ಕೊನೇ ಶನಿವಾರ ನಾಲ್ಕನೇ ಕ್ವಾರ್ಟರಲ್ಲಿ ಆ ಹುಡುಗ ಮತ್ತೆ ಹಿಮ್ಮಡಿ ಮೇಲೆ ಕೂತ, ಎದುರಿನವನು ಒಳಕ್ಕೆ ತಿರುಗಿದ, ಬಾಲ್ ಇನ್ನೂ ನೆಲದ ಮೇಲೆ ಉರುಳ್ತಾ ಇರೋವಾಗ್ಲೇ ಹಿರಿಯರು ನನ್ನ ಮೊಣಕೈ ಹಿಡ್ಕೊಂಡು, ಹೌದಪ್ಪ, ಸಾಕಿನ್ನು ಅಂದ್ರು.