ಬೆಂಕಿ ರೋಗಕ್ಕೆ ಬಗ್ಗದ ರಾಗಿ ಗಿಡ: ಗುರುತಿಸುವುದು ಹೇಗೆ?

ಹಸ್ತ, ಚಿತ್ತೆ ಮಳೆ ಜಡಿಯಾಗಿ ಹಿಡಿದ ವರ್ಷ ಕುಣಿಗಲ್, ಗುಬ್ಬಿ ಕಡೆಯ ರಾಗಿ ಹೊಲಗಳಲ್ಲಿ ಬೆಂಕಿ ರೋಗ (ಎಲೆ, ತೆನೆ ಸುಟ್ಟಂತೆ ಮಾಡುವ ಶಿಲೀಂಧ್ರ ರೋಗ) ಕಾಣಿಸಿಕೊಳ್ಳುತ್ತದೆ. ಸುಟ್ಟ ತೆನೆಗಳ ನಡುವೆಯೇ ಒಂದೆರಡು ಗಿಡ ಏನೂ ಆಗದಂತೆ ನಿಂತಿರುತ್ತವೆ. ಬೀಜಕ್ಕೆ ಎತ್ತಿಡೋಣ ಅನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಅದು ರೋಗ ತಡೆದ ಗಿಡವೋ, ರೋಗದ ಕೈಗೆ ಸಿಗದ ಗಿಡವೋ ಮೊದಲು ತಿಳಿಯಬೇಕು.

ಇದಕ್ಕೆ ಒಂದು ಗುಂಟೆ ಜಾಗ ಸಾಕು. ಅಲ್ಲಿ ಔಷಧಿ ಹೊಡೆಯಬೇಡಿ. ಯೂರಿಯಾ ಎಲ್ಲ ಕಡೆ ಒಂದೇ ಸಮ ಬೀಳಲಿ. ಜಾಸ್ತಿ ಬಿದ್ದಲ್ಲಿ ರೋಗವೂ ಜಾಸ್ತಿ. ನಡುನಡುವೆ ಉದುರುಮಲ್ಲಿಗೆಯಂಥ ಬೇಗ ರೋಗ ಹಿಡಿಯುವ ತಳಿಯ ಸಾಲು ಹಾಕಿ. ಬೆಂಕಿ ರೋಗ ತಡೆಯುವ ಜಿಪಿಯು-28 ತಳಿಯ ಒಂದು ಸಾಲು ಇದ್ದರೆ ಹೋಲಿಸಲು ಸುಲಭ. ಉದುರುಮಲ್ಲಿಗೆಯೇ ಸುಡದಿದ್ದರೆ ಆ ವರ್ಷದ ಲೆಕ್ಕ ಬಿಟ್ಟುಬಿಡಿ.

ಚೆನ್ನಾಗಿ ಕಂಡ ಗಿಡಕ್ಕೆ ಬಣ್ಣದ ನೂಲು ಕಟ್ಟಿ, ತೆನೆ ಹೊರಟ ದಿನ ಬರೆದಿಡಿ. ನಾನು ಒಮ್ಮೆ ಇದನ್ನೇ ಮರೆತಿದ್ದೆ. ಊರಿಗೆಲ್ಲ ತೋರಿಸಿಕೊಂಡು ಬಂದ ಗಿಡದ ಬೀಜ ಬಿತ್ತಿದರೆ, ಮುಂದಿನ ವರ್ಷ ಆ ಬೆಳೆ ಕರಿಕಲಾಯಿತು. ಮೊದಲ ವರ್ಷ ಆ ಗಿಡ ತಡವಾಗಿ ತೆನೆ ಬಿಟ್ಟಿತ್ತು. ಅಷ್ಟರಲ್ಲಿ ಮೋಡ, ತುಂತುರು ಮುಗಿದಿತ್ತು. ಹಾಗಾಗಿ ಅದೇ ವಾರ ತೆನೆ ಬಿಟ್ಟ ಅಕ್ಕಪಕ್ಕದ ಗಿಡಗಳ ಜೊತೆಗೇ ಹೋಲಿಸಿ.

ಎಲೆಯ ಮೇಲೆ ನೂಲುವ ಕದಿರಿನ ಆಕಾರದ, ನಡುವೆ ಬೂದು ಬಣ್ಣದ ಮಚ್ಚೆ ಇದೆಯೇ ನೋಡಿ. ಆದರೆ ಎಲೆ ನೋಡಿ ತೀರ್ಮಾನ ಬೇಡ. ಎಲೆ ಚೆನ್ನಾಗಿದ್ದೂ ಕುತ್ತಿಗೆ ಸುಡುವುದುಂಟು. ನಷ್ಟ ಮಾಡುವುದು ಕುತ್ತಿಗೆ ಮತ್ತು ಇಲುಕಿನ (ತೆನೆಯ ಬೆರಳುಗಳ) ಬೆಂಕಿಯೇ. ತೆನೆಯ ಬುಡದ ದಂಟು ಕಪ್ಪಾದರೆ ಅದು ಕುತ್ತಿಗೆ ಬೆಂಕಿ, ಕಾಳು ಜೊಳ್ಳು. ಇಲುಕು ಸಾಮಾನ್ಯವಾಗಿ ತುದಿಯಿಂದ ಕೆಳಕ್ಕೆ ಸುಡುತ್ತದೆ.

ಎಣಿಕೆಯನ್ನು ತೆನೆ ಇನ್ನೂ ಹಸಿರಿರುವಾಗಲೇ ಮುಗಿಸಿ. ಮಾಗಿದ ಮೇಲೆ ಎಲ್ಲವೂ ಕಂದು. ರೋಗ ಯಾವುದು, ಮಾಗಿದ್ದು ಯಾವುದು ಗೊತ್ತಾಗದು. ಒಂದೇ ತೆನೆ ನೋಡಿದರೆ ಸಾಲದು, ಗಿಡದ ಎಲ್ಲ ತೆಂಡೆ (ಬುಡದಿಂದ ಒಡೆದ ಕವಲು) ನೋಡಿ. 4 ತೆನೆಯಲ್ಲಿ ಒಟ್ಟು 28 ಇಲುಕು, ಸುಟ್ಟಿದ್ದು 7 ಅಂದರೆ ಶೇ 25. ಕುತ್ತಿಗೆಯ ಲೆಕ್ಕ ಬೇರೆ ಬರೆಯಿರಿ.

ರೋಗ ತಡೆದು ಉಳಿದ ಗಿಡಗಳನ್ನು ಕಣಕ್ಕೆ ಹಾಕದೆ ಕೈಯಲ್ಲೇ ಉಜ್ಜಿ, ಗಿಡಕ್ಕೊಂದು ಪೊಟ್ಟಣ ಕಟ್ಟಿ. ಮುಂದಿನ ವರ್ಷ ಪೊಟ್ಟಣಕ್ಕೊಂದು ಸಾಲು ಬಿತ್ತಿ, ಪಕ್ಕದಲ್ಲಿ ಮತ್ತೆ ಉದುರುಮಲ್ಲಿಗೆ ಇರಲಿ. ರಾಗಿಯಲ್ಲಿ ಬಹುಪಾಲು ಅದೇ ಹೂವಿನ ಪರಾಗದಿಂದಲೇ ಕಾಳು ಕಟ್ಟುವುದರಿಂದ ತಾಯಿಗಿಡದ ಗುಣ ಸಾಲಿನಲ್ಲಿ ಕಾಣಬೇಕು. ಸಾಲಿಗೆ ಸಾಲೇ ಚೆನ್ನಾಗಿ ನಿಂತರೆ ಇನ್ನೊಂದೆರಡು ವರ್ಷ ಹೀಗೇ ನೋಡಿ. ಅರ್ಧ ಸುಟ್ಟು ಅರ್ಧ ಉಳಿದರೆ, ಉಳಿದವಕ್ಕೆ ಮತ್ತೆ ನೂಲು ಕಟ್ಟಿ.